ಟ್ರ್ಯಾಕ್ ಟನಲ್‌ಗೆ ತಾಗದಿದ್ದರೆ ಸಾಕೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯವನು, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ಚಳಿಗಾಲದಲ್ಲಿ ಗೆಳೆಯರ ಜೊತೆ ಗೋಲ್ಡನ್, ರೆವೆಲ್‌ಸ್ಟೋಕ್ ಕಡೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿ ಓಡಿಸಲು ಹೋಗುತ್ತೇನೆ. ನನ್ನದು ಸೆಕೆಂಡ್‌ಹ್ಯಾಂಡ್ 800 ಸಿಸಿ ಟೂ-ಸ್ಟ್ರೋಕ್ ಸ್ಲೆಡ್. ಟ್ರ್ಯಾಕ್ 154 ಇಂಚು ಉದ್ದ, 15 ಇಂಚು ಅಗಲ, ಲಗ್ 2 ಇಂಚು. ಟ್ರ್ಯಾಕ್ ಓಡಿಸುವ ಡ್ರೈವರ್ ಚಕ್ರ 8 ಹಲ್ಲಿನದು, ಪಿಚ್ (ಒಂದು ಹಲ್ಲಿನಿಂದ ಮುಂದಿನದಕ್ಕಿರುವ ದೂರ) 2.86 ಇಂಚು. ಆಳವಾದ ಹಿಮದಲ್ಲಿ ಗೆಳೆಯರ ಗಾಡಿಗಳು ಸಲೀಸಾಗಿ ಹತ್ತುತ್ತವೆ, ನನ್ನದು ಹೂತುಕೊಳ್ಳುತ್ತದೆ. ಅದಕ್ಕೇ ಎರಡೂವರೆ ಇಂಚು ಲಗ್‌ನ ಟ್ರ್ಯಾಕ್ ಹಾಕಿಸೋಣ ಅಂತಿದ್ದೇನೆ. ಅಳೆದು ನೋಡಿದೆ: ಈಗ ಲಗ್ ತುದಿಗೂ ಮೇಲಿನ ಕೂಲರ್‌ಗೂ ನಡುವೆ ಮುಕ್ಕಾಲು ಇಂಚು ಸಂದಿದೆ. ಅಂಗಡಿಯವರು "ಆರಾಮಾಗಿ ಕೂರುತ್ತೆ" ಅನ್ನುತ್ತಾರೆ. ಗೆಳೆಯನೊಬ್ಬ "ಕ್ಲಿಯರೆನ್ಸ್ ಸಾಲಲ್ಲ, ಇರೋ ಪವರ್ ಕೂಡ ಹೋಗುತ್ತೆ" ಅನ್ನುತ್ತಾನೆ. ತಾಗದಿದ್ದರೆ ಸಾಕಲ್ವಾ? ಪವರ್ ಹೇಗೆ ಹೋಗುತ್ತದೆ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಸರಿ. ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ, ಟ್ರ್ಯಾಕ್ ಕೂರುತ್ತದೆ. ಮುಕ್ಕಾಲು ಇಂಚಿನಲ್ಲಿ ಅರ್ಧ ಇಂಚು ಕಳೆದರೆ ಕಾಲು ಇಂಚು ಉಳಿಯಿತು, ಅಂದರೆ ಸುಮಾರು 6 ಮಿ.ಮೀ. ಗ್ಯಾರೇಜಿನಲ್ಲಿ ನಿಲ್ಲಿಸಿ ಕೈಯಲ್ಲಿ ತಿರುಗಿಸಿದರೆ ಎಲ್ಲೂ ತಾಗುವುದಿಲ್ಲ. ಆದರೆ ಬೆಟ್ಟದ ಮೇಲೆ ಆ ಸಂದಿನಲ್ಲಿ ಹಿಮ ಹಾದುಹೋಗಬೇಕು. ಟ್ರ್ಯಾಕ್ ಕುಣಿಯುವುದಕ್ಕೂ ಜಾಗ ಬೇಕು. ಕಟ್ಟಿಕೊಂಡ ಐಸ್‌ಗೂ ಜಾಗ ಬೇಕು. 6 ಮಿ.ಮೀ.ನಲ್ಲಿ ಇವುಗಳಲ್ಲಿ ಒಂದಕ್ಕೂ ಜಾಗ ಸಾಲುವುದಿಲ್ಲ.

ಸ್ನೋಮೊಬೈಲ್ ಒಳಗೆ ಇಣುಕಿ ನೋಡದ ಓದುಗರಿಗಾಗಿ ಎರಡು ಮಾತು. ಸೀಟಿನ ಕೆಳಗೆ ತಲೆಕೆಳಗಾದ ತೊಟ್ಟಿಯಂಥ ಅಲ್ಯೂಮಿನಿಯಂ ಭಾಗ ಇರುತ್ತದೆ, ಅದೇ ಟನಲ್. ಅದರೊಳಗೆ ರಬ್ಬರ್ ಟ್ರ್ಯಾಕ್ ಸುತ್ತುತ್ತದೆ. ಟ್ರ್ಯಾಕ್ ಮೇಲೆ ಸಾಲಾಗಿ ಎದ್ದು ನಿಂತಿರುವ ರಬ್ಬರ್ ಹಲಗೆಗಳೇ ಲಗ್. ಮುಂದುಗಡೆ ಹಲ್ಲಿರುವ ಡ್ರೈವರ್ ಚಕ್ರಗಳು ಟ್ರ್ಯಾಕನ್ನು ಓಡಿಸುತ್ತವೆ. ಟನಲ್‌ನ ಒಳ ಮೇಲ್ಭಾಗದಲ್ಲಿ, ಹೆಚ್ಚಿನ ಗಾಡಿಗಳಲ್ಲಿ ಡ್ರೈವರ್‌ನ ಎದುರಿಗೂ, ಎಂಜಿನ್ ಕೂಲಂಟ್ ಹರಿಯುವ ಕೂಲರ್‌ಗಳಿರುತ್ತವೆ. ಲಗ್ ಎರಚುವ ಹಿಮದಿಂದಲೇ ಅವು ತಣ್ಣಗಾಗುವುದು. ರಬ್ಬರ್ ಪಟ್ಟಿ ಮತ್ತು ಹಲ್ಲಿನ ಚಕ್ರದ ಈ ಜೋಡಿಗೆ ಕ್ವಿಬೆಕ್‌ನ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ 1937ರಲ್ಲೇ ಪೇಟೆಂಟ್ ಪಡೆದಿದ್ದರು. ಅವರ ಸ್ಕೀ-ಡೂ ಸ್ನೋಮೊಬೈಲ್ 1959ರಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ಲಗ್ ಎತ್ತರ ಏರುತ್ತಲೇ ಬಂದಿದೆ, ಈಗ 3 ಇಂಚಿನ ಲಗ್ ಕಾರ್ಖಾನೆಯಿಂದಲೇ ಬರುತ್ತದೆ. ಆದರೆ ಆ ಗಾಡಿಗಳ ಟನಲ್, ಡ್ರೈವರ್, ಶಾಫ್ಟ್ ಕೂತ ಜಾಗ ಎಲ್ಲವನ್ನೂ ಆ ಲಗ್‌ಗೆ ತಕ್ಕಂತೆ ಮಾಡಿರುತ್ತಾರೆ. ನಿಮ್ಮದನ್ನು 2 ಇಂಚಿಗೆ ಮಾಡಿದ್ದಾರೆ.

ಈಗ ಹಿಮದ ವಿಷಯ. ಲಗ್ ಕೆಳಗೆ ಹಿಮವನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ ಎಲ್ಲ ಹಿಮವೂ ಹಿಂದಕ್ಕೆ ಹೋಗಿಬಿಡುವುದಿಲ್ಲ. ಒಂದಷ್ಟು ಲಗ್‌ಗಳ ನಡುವೆ ಸಿಕ್ಕಿಕೊಂಡು ಹಿಂದಿನ ಚಕ್ರ ಸುತ್ತಿ ಟನಲ್ ಒಳಗೆ ಬರುತ್ತದೆ. ಆಳವಾದ ಹಿಮದಲ್ಲಿ ಇಡೀ ಟನಲ್ಲೇ ಹಿಮದಲ್ಲಿ ಮುಳುಗಿರುತ್ತದೆ, ಪಕ್ಕದಿಂದಲೂ ನುಗ್ಗುತ್ತದೆ. ಈ ಹಿಮ ಡ್ರೈವರ್ ಮೇಲೆ ಬಂದಾಗ ಲಗ್ ತುದಿಗೂ ಕೂಲರ್‌ಗೂ ನಡುವಿನ ಸಂದಿನಲ್ಲಿ ನುಸುಳಬೇಕು. ಸಂದು ದೊಡ್ಡದಿದ್ದರೆ ಸಡಿಲವಾಗಿಯೇ ಹಾದುಹೋಗುತ್ತದೆ. ಚಿಕ್ಕದಿದ್ದರೆ ಒತ್ತಿ ಗಟ್ಟಿಯಾಗುತ್ತದೆ. ಒತ್ತಿದ ಹಿಮ ಮತ್ತು ಐಸ್ ನಡುವೆ ಜಾಸ್ತಿ ವ್ಯತ್ಯಾಸ ಇಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ಕೆಮ್ಮಣ್ಣಿನ ರಸ್ತೆಯಲ್ಲಿ ಸೈಕಲ್ ತುಳಿದವರಿಗೆ ಇದು ಗೊತ್ತು. ಟೈರು ಮಡ್‌ಗಾರ್ಡ್‌ಗೆ ತಾಗಿರುವುದಿಲ್ಲ, ಆದರೂ ನಡುವೆ ಕೆಸರು ಮೆತ್ತಿಕೊಂಡು ಚಕ್ರ ಬಿಗಿಯಾಗುತ್ತದೆ. ತುಳಿದಷ್ಟೂ ಕಾಲು ಸೋಲುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ.

ಎಷ್ಟು ಪವರ್ ಹೋಗಬಹುದು? ಲೆಕ್ಕ ಸುಲಭ. ಟನಲ್ ಒಳಗಿನ ಉಜ್ಜಾಟದಿಂದ ಟ್ರ್ಯಾಕ್ ಮೇಲೆ 100 ನ್ಯೂಟನ್ ಎಳೆತ ಬಿತ್ತು ಅಂದುಕೊಳ್ಳಿ, ಸುಮಾರು 10 ಕೆ.ಜಿ. ತೂಕ ಎತ್ತುವಷ್ಟು ಬಲ. ಟ್ರ್ಯಾಕ್ ಗಂಟೆಗೆ 90 ಕಿ.ಮೀ. ವೇಗದಲ್ಲಿ ಸುತ್ತುತ್ತಿದ್ದರೆ ಅದು ಸೆಕೆಂಡಿಗೆ 25 ಮೀಟರ್. ಎರಡನ್ನೂ ಗುಣಿಸಿ: 2,500 ವಾಟ್, ಹತ್ತಿರ ಹತ್ತಿರ 3.4 ಎಚ್‌ಪಿ. ಎಳೆತ ಮೂರು ಪಟ್ಟಾದರೆ 10 ಎಚ್‌ಪಿ. ಅಷ್ಟು ಪವರ್ ಜಾಸ್ತಿ ಮಾಡಿಕೊಳ್ಳಲು ಜನ ಪೈಪ್, ಎಂಜಿನ್ ಟ್ಯೂನಿಂಗ್ ಅಂತ ಎಷ್ಟೆಲ್ಲ ಡಾಲರ್ ಸುರಿಯುತ್ತಾರೆ ನೋಡಿ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಈ ಲೆಕ್ಕಕ್ಕೆ ಬರುವುದು ಗಾಡಿಯ ವೇಗ ಅಲ್ಲ, ಟ್ರ್ಯಾಕ್‌ನ ವೇಗ. ಕಡಿದಾದ ಏರಿನಲ್ಲಿ, ಸೊಂಟದವರೆಗಿನ ಹಿಮದಲ್ಲಿ, ಗಾಡಿ ಗಂಟೆಗೆ 30 ಕಿ.ಮೀ. ಹೋಗುತ್ತಿದ್ದರೂ ಟ್ರ್ಯಾಕ್ 80ರಲ್ಲಿ ಸುತ್ತುತ್ತಿರಬಹುದು. ಸ್ಪೀಡೋಮೀಟರ್ ತೋರಿಸುವುದೂ ಟ್ರ್ಯಾಕ್ ವೇಗವನ್ನೇ. ಅಂದರೆ ನಿಮಗೆ ಪವರ್ ತುಂಬಾ ಬೇಕಾಗಿರುವ ಹೊತ್ತಿನಲ್ಲೇ, ಟನಲ್ ಒಳಗೆ ಹಿಮ ಜಾಸ್ತಿ ಇರುವಾಗಲೇ, ಸಂದಿನ ತೆರಿಗೆಯೂ ಜಾಸ್ತಿ ಬೀಳುತ್ತದೆ. ಜೊತೆಗೆ ಎತ್ತರದ ಹೊಡೆತ ಬೇರೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ 300 ಮೀಟರ್‌ಗೆ ಸುಮಾರು ಶೇ. 3ರಷ್ಟು ಪವರ್ ಕಳೆದುಕೊಳ್ಳುತ್ತದೆ. 2,000 ಮೀಟರ್ ಎತ್ತರದಲ್ಲಿ ಐದನೇ ಒಂದು ಭಾಗ ಹೋಯಿತು. ಕೆಳಗೆ 150 ಎಚ್‌ಪಿ ಕೊಡುವ ಎಂಜಿನ್ ಅಲ್ಲಿ 120 ಕೊಟ್ಟರೆ ಅದೃಷ್ಟ. ಅದರಲ್ಲಿ 10 ಟನಲ್ ಒಳಗೇ ಕರಗಿಹೋದರೆ ಹೊಸ ಲಗ್ ತಂದುಕೊಟ್ಟ ಹಿಡಿತದಿಂದ ಏನು ಲಾಭ?

ಇನ್ನು ಟ್ರ್ಯಾಕ್ ಕುಣಿತ. ನಿಂತಾಗ ಅಳೆದ ಸಂದು ಓಡುವಾಗ ಅಷ್ಟೇ ಇರುವುದಿಲ್ಲ. 154 ಇಂಚು ಅಂದರೆ 3.9 ಮೀಟರ್. ಟ್ರ್ಯಾಕ್ ತೂಕ 25 ಕೆ.ಜಿ. ಅಂತ ಇಟ್ಟುಕೊಂಡು ಗಂಟೆಗೆ 100 ಕಿ.ಮೀ.ಗೆ ಲೆಕ್ಕ ಹಾಕಿದರೆ, ಸುತ್ತುವುದರಿಂದಲೇ ಆ ರಬ್ಬರ್ ಪಟ್ಟಿಯಲ್ಲಿ ಹುಟ್ಟುವ ಎಳೆತ ಸುಮಾರು 5,000 ನ್ಯೂಟನ್, ಅರ್ಧ ಟನ್ ತೂಗುಹಾಕಿದಷ್ಟು. ವೇಗ ಎರಡು ಪಟ್ಟಾದರೆ ಇದು ನಾಲ್ಕು ಪಟ್ಟಾಗುತ್ತದೆ. ಟ್ರ್ಯಾಕ್ ಸ್ವಲ್ಪ ಹಿಗ್ಗುತ್ತದೆ, ಸಡಿಲವಾಗುತ್ತದೆ. ಆ ಸಡಿಲ ಎಲ್ಲಿ ಸೇರುತ್ತದೆ ಅನ್ನುವುದು ನೀವು ಥ್ರಾಟಲ್ ಕೊಟ್ಟಿದ್ದೀರೋ ಬ್ರೇಕ್ ಹಿಡಿದಿದ್ದೀರೋ ಅನ್ನುವುದರ ಮೇಲಿದೆ. ಥ್ರಾಟಲ್ ಕೊಟ್ಟಾಗ ಡ್ರೈವರ್ ಮೇಲಿನ ಪಟ್ಟಿಯನ್ನು ಎಳೆಯುತ್ತದೆ, ಹಾಗಾಗಿ ಮೇಲ್ಭಾಗ ಬಿಗಿ. ಸಡಿಲ ಎಲ್ಲ ಡ್ರೈವರ್‌ನಿಂದ ಕೆಳಗಿಳಿಯುವ ಮುಂಭಾಗದಲ್ಲಿ ಉಬ್ಬುತ್ತದೆ. ಬ್ರೇಕ್ ಹಿಡಿದಾಗ ಉಲ್ಟಾ: ಮುಂಭಾಗ ಬಿಗಿಯಾಗಿ, ಮೇಲಿನ ಪಟ್ಟಿ ಸಡಿಲವಾಗಿ ಟನಲ್ ಕಡೆಗೆ ಎಗರುತ್ತದೆ.

ಸೆಕೆಂಡ್‌ಹ್ಯಾಂಡ್ ಗಾಡಿ ಅಂದಿರಿ. ಹಾಗಾದರೆ ಟ್ರ್ಯಾಕ್ ಬಿಚ್ಚಿದಾಗ ಮೊದಲ ಕೆಲಸ ಟಾರ್ಚ್ ಹಾಕಿ ಟನಲ್ ಒಳಗೆ ನೋಡುವುದು. ಗೀರುಗಳು ಹಳೆಯ ಮಾಲೀಕರು ಹೇಳದ ಕತೆಯನ್ನೂ ಹೇಳುತ್ತವೆ. ಡ್ರೈವರ್ ಎದುರಿನ ಕೂಲರ್‌ನಲ್ಲಿ ಮಾತ್ರ ಗೀರಿದ್ದರೆ ಜೋರು ಥ್ರಾಟಲ್‌ನಲ್ಲಿ ಟ್ರ್ಯಾಕ್ ಉಬ್ಬಿ ತಾಗುತ್ತಿದೆ. ಮೇಲಿನ ಕೂಲರ್‌ನ ಉದ್ದಕ್ಕೂ ಸಾಲು ಸಾಲಾಗಿ ಗೀರಿದ್ದರೆ ಟೆನ್ಷನ್ ಸಡಿಲ ಬಿಟ್ಟು ಓಡಿಸಿದ್ದಾರೆ. ತೀರಾ ಹಿಂದುಗಡೆ ಗೀರಿದ್ದರೆ ಸಸ್ಪೆನ್ಷನ್ ಪೂರ್ತಿ ಕುಸಿದಾಗ ಹಿಂದಿನ ಚಕ್ರದ ಮೇಲಿನ ಲಗ್‌ಗಳು ಬಡಿದಿವೆ. ಒಂದೇ ಕಡೆ ಆಳವಾಗಿ, ಹೊಳೆಯುವ ಹಾಗೆ ಉಜ್ಜಿದ್ದರೆ ಅಲ್ಲಿ ಟನಲ್ ಒಳಕ್ಕೆ ನೆಗ್ಗಿರಬಹುದು. ಕಲ್ಲಿಗೋ ಮರದ ಬುಡಕ್ಕೋ ಗುದ್ದಿದ ಗಾಡಿಗಳಲ್ಲಿ ಇದು ಮಾಮೂಲು. ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಇದು ಬರೀ ಪವರ್ ವಿಷಯವೂ ಅಲ್ಲ. ಕೂಲರ್ ಅಂದರೆ ತೆಳು ಅಲ್ಯೂಮಿನಿಯಂ, ಒಳಗೆ ಕೂಲಂಟ್. ರಬ್ಬರ್ ಲಗ್ ಒಂದೇ ದಿನದಲ್ಲಿ ಅದನ್ನು ತೂತು ಮಾಡುವುದಿಲ್ಲ, ಆದರೆ ಲಗ್ ಜೊತೆ ಬರುವ ಐಸ್ ಚೂರು, ಕಲ್ಲು ಸವೆಸುತ್ತಾ ಹೋಗುತ್ತವೆ. ತೂತಾದ ದಿನ ಕೂಲಂಟ್ ಸೋರಿ ಎಂಜಿನ್ ಕಾಯುತ್ತದೆ. ರೆವೆಲ್‌ಸ್ಟೋಕ್ ಕಡೆಯ ಬೆಟ್ಟಗಳಲ್ಲಿ, ಪಾರ್ಕಿಂಗ್‌ನಿಂದ ಎಷ್ಟೋ ಕಿಲೋಮೀಟರ್ ಒಳಗೆ, ಸಂಜೆ ನಾಲ್ಕಕ್ಕೆ ಎಂಜಿನ್ ಕೈಕೊಟ್ಟರೆ ಅದು ರಿಪೇರಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಲ್ಲಿನ ಚಳಿಯಲ್ಲಿ ರಾತ್ರಿ ಕಳೆಯುವ ಪ್ರಶ್ನೆಯಾಗುತ್ತದೆ. ಅದಕ್ಕೇ ಕ್ಲಿಯರೆನ್ಸ್ ವಿಷಯದಲ್ಲಿ "ನೋಡೋಣ, ತಾಗಿದರೆ ಆಮೇಲೆ ಸರಿಮಾಡೋಣ" ಅನ್ನುವ ಮಾತು ನನಗೆ ಸ್ವಲ್ಪವೂ ಇಷ್ಟವಿಲ್ಲ.

ಹಾಗಾದರೆ ಎಷ್ಟಿರಬೇಕು? ನನ್ನ ಲೆಕ್ಕದಲ್ಲಿ, ಆಳ ಹಿಮದಲ್ಲಿ ಓಡುವ ಗಾಡಿಗೆ ನಿಂತಾಗ, ಅತಿ ಹತ್ತಿರದ ಜಾಗದಲ್ಲಿ, ಅರ್ಧ ಇಂಚು ಕನಿಷ್ಠ. ಮುಕ್ಕಾಲರಿಂದ ಒಂದು ಇಂಚು ಇದ್ದರೆ ನೆಮ್ಮದಿ. ಈಗ ನಿಮ್ಮಲ್ಲಿರುವುದು ಒಳ್ಳೆಯ ಅಳತೆ, ಅದನ್ನು ಸುಮ್ನೆ ಹಾಳು ಮಾಡಿಕೊಳ್ಳಬೇಡಿ. ಆದರೆ ಮೇಲಿನ ಒಂದು ಜಾಗದಲ್ಲಿ ಅಳೆದರೆ ಸಾಲದು. ಡ್ರೈವರ್‌ನ ಎದುರಿನ ಸಂದು, ಮೇಲಿನ ಸಂದು, ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಹಿಂದಿನ ಚಕ್ರದ ಮೇಲಿನ ಸಂದು, ಮೂರೂ ಬೇಕು. ಮೂರನೆಯದಕ್ಕೆ ಶಾಕ್, ಸ್ಪ್ರಿಂಗ್ ಬಿಚ್ಚಿ ಟ್ರ್ಯಾಕ್ ಒಳಗಿನ ಇಡೀ ಸಸ್ಪೆನ್ಷನ್ ಚೌಕಟ್ಟು (ಸ್ಕಿಡ್) ಮೇಲಕ್ಕೆ ಹೋಗುವಂತೆ ಮಾಡಬೇಕು. ಸ್ವಲ್ಪ ಶ್ರಮದ ಕೆಲಸ, ಆದರೆ ತಪ್ಪಿಸಬೇಡಿ. ಅಳೆಯುವಾಗ ಕೂಲರ್‌ನ ಮೇಲ್ಮೈಗೆ ಅಳೆದು ಸುಮ್ಮನಾಗಬೇಡಿ, ರಿವೆಟ್ ತಲೆ, ಬೋಲ್ಟ್ ತುದಿಗಳನ್ನೂ ನೋಡಿ. ಮಕ್ಕಳು ಆಡುವ ಕ್ಲೇ ಒಂದು ಮುದ್ದೆ ಕೂಲರ್‌ಗೆ ಅಂಟಿಸಿ, ಎಂಜಿನ್ ಆಫ್ ಇರುವಾಗ ಟ್ರ್ಯಾಕನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ. ಉಳಿದ ಕ್ಲೇಯ ದಪ್ಪವೇ ನಿಮ್ಮ ನಿಜವಾದ ಸಂದು. ಎಲ್ಲ ಲಗ್‌ಗಳೂ ಒಂದೇ ಎತ್ತರ ನಿಂತಿರುವುದಿಲ್ಲ, ಒಂದು ಎದ್ದು ನಿಂತಿದ್ದರೂ ಕ್ಲೇಯಲ್ಲಿ ಗೊತ್ತಾಗುತ್ತದೆ. ಸ್ಟ್ಯಾಂಡ್ ಮೇಲೆ ಎಂಜಿನ್ ಹಾಕಿ ಟ್ರ್ಯಾಕ್ ತಿರುಗಿಸಿ ನೋಡುವ ಅಭ್ಯಾಸ ಇದ್ದರೆ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಟ್ರ್ಯಾಕ್‌ನಿಂದ ಹಾರುವ ಐಸ್ ತುಂಡು ಮನುಷ್ಯನನ್ನು ಕೆಡವಬಲ್ಲದು.

ಎರಡೂವರೆ ಇಂಚು ಬೇಕೇ ಬೇಕು ಅಂದರೆ ದಾರಿ ಇದೆ: ಡ್ರೈವರ್ ಚಿಕ್ಕದು ಮಾಡುವುದು. ನಿಮ್ಮ ಡ್ರೈವರ್‌ನ ಸುತ್ತಳತೆ 8 ಗುಣಿಸು 2.86, ಅಂದರೆ 22.88 ಇಂಚು. ತ್ರಿಜ್ಯ 3.64 ಇಂಚು. ಅದೇ ಪಿಚ್‌ನಲ್ಲಿ 7 ಹಲ್ಲಿನದು ಹಾಕಿದರೆ ಸುತ್ತಳತೆ 20.02, ತ್ರಿಜ್ಯ 3.19. ಅಂದರೆ ಡ್ರೈವರ್ ಸುತ್ತ ಎಲ್ಲ ಕಡೆ 0.45 ಇಂಚು ಸಂದು ಸಿಕ್ಕಿತು. ಲಗ್ ಅರ್ಧ ಇಂಚು ತಿಂದಿದ್ದನ್ನು ಡ್ರೈವರ್ ಬಹುಪಾಲು ವಾಪಸ್ ಕೊಟ್ಟಿತು, ನಷ್ಟ ಸುಮಾರು 1 ಮಿ.ಮೀ. ಸುತ್ತಿಕೊಳ್ಳುವ ಉದ್ದ ಕಡಿಮೆಯಾಗುವುದರಿಂದ ಟ್ರ್ಯಾಕ್ ಸಡಿಲವಾಗುತ್ತದೆ. ಹಿಂದಿನ ಆ್ಯಕ್ಸಲ್ ಸುಮಾರು ಮುಕ್ಕಾಲು ಇಂಚು ಹಿಂದಕ್ಕೆ ಹೋಗಬೇಕಾಗುತ್ತದೆ. ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇದೆಯೇ ನೋಡಿಕೊಳ್ಳಿ. ಹೊಸ ಟ್ರ್ಯಾಕ್‌ನ ಪಿಚ್ ಕೂಡ 2.86 ಇರಲೇಬೇಕು. 3 ಇಂಚು ಪಿಚ್‌ನ ಟ್ರ್ಯಾಕ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಈ ಡ್ರೈವರ್ ಮೇಲೆ ಅದು ಕೂರುವುದೇ ಇಲ್ಲ.

ಆದರೆ ಡ್ರೈವರ್ ಬದಲಿಸಿದರೆ ಗೇರಿಂಗ್ ಬದಲಾಗುತ್ತದೆ. ಒಂದು ಸುತ್ತಿಗೆ ಟ್ರ್ಯಾಕ್ ಓಡುವ ದೂರ ಎಂಟರಲ್ಲಿ ಒಂದು ಭಾಗ, ಅಂದರೆ ಶೇ. 12.5 ಕಡಿಮೆ. ಬೆಟ್ಟದಲ್ಲಿ ಸ್ವಲ್ಪ ಕಡಿಮೆ ಗೇರಿಂಗ್ ಒಳ್ಳೆಯದೇ, ಎತ್ತರದಲ್ಲಿ ಸೋತ ಎಂಜಿನ್‌ಗೆ ಅನುಕೂಲ. ಇಷ್ಟೊಂದು ಬೇಕಿಲ್ಲ. ಚೈನ್‌ಕೇಸ್‌ನ (ಡ್ರೈವರ್‌ಗೆ ಶಕ್ತಿ ಸಾಗಿಸುವ ಚೈನ್-ಗೇರ್ ಪೆಟ್ಟಿಗೆ) ಮೇಲಿನ ಗೇರ್ ಬದಲಿಸಿ ಸರಿಮಾಡಬಹುದು. ಉದಾಹರಣೆಗೆ ಮೇಲೆ 19 ಹಲ್ಲು ಇದ್ದರೆ ಹಳೆಯ ವೇಗಕ್ಕೇ ವಾಪಸ್ ಬರಲು 19ನ್ನು 8ರಿಂದ ಗುಣಿಸಿ 7ರಿಂದ ಭಾಗಿಸಿ, 21.7 ಬರುತ್ತದೆ. ನಾನಾದರೆ 21 ಹಾಕುತ್ತೇನೆ. ಚೈನ್ ಉದ್ದವನ್ನೂ ಅದಕ್ಕೆ ಹೊಂದಿಸಬೇಕು.

ಚಿಕ್ಕ ಡ್ರೈವರ್‌ಗೆ ಬೇರೆ ಬೆಲೆಯೂ ಇದೆ. ಟ್ರ್ಯಾಕ್ ಇನ್ನೂ ಬಿಗಿಯಾಗಿ ಬಾಗಬೇಕು, ಬಾಗುವುದರಲ್ಲೇ ಒಂದಿಷ್ಟು ಪವರ್ ಹೋಗುತ್ತದೆ. ಹಿಡಿದುಕೊಳ್ಳುವ ಹಲ್ಲು ಕಡಿಮೆ, ಹಾಗಾಗಿ ಜೋರು ಥ್ರಾಟಲ್‌ನಲ್ಲಿ ಟ್ರ್ಯಾಕ್ ಹಲ್ಲು ಹಾರುವ ಸಾಧ್ಯತೆ ಜಾಸ್ತಿ. ಕಟಕಟ ಸದ್ದು ಬಂದರೆ ಅದೇ. ಟ್ರ್ಯಾಕ್‌ನ ಕಿಂಡಿಗಳಲ್ಲೂ ಕಚ್ಚಿಕೊಳ್ಳುವ ಎಕ್ಸ್‌ಟ್ರೋವರ್ಟ್ ಮಾದರಿಯ ಡ್ರೈವರ್ ತೆಗೆದುಕೊಂಡರೆ ಇದು ಬಹಳ ಮಟ್ಟಿಗೆ ತಪ್ಪುತ್ತದೆ. ಟೆನ್ಷನ್ ಬಿಗಿ ಮಾಡಿ ತಪ್ಪಿಸಲು ಹೋಗಬೇಡಿ. ತೀರಾ ಬಿಗಿಯಾದ ಟ್ರ್ಯಾಕ್ ಬೇರಿಂಗ್, ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಸ್ಲೈಡ್ ಎರಡನ್ನೂ ತಿನ್ನುತ್ತದೆ, ಪವರನ್ನೂ ತಿನ್ನುತ್ತದೆ. ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿ ಟ್ರ್ಯಾಕ್ ಮಧ್ಯಕ್ಕೆ ಎಷ್ಟು ತೂಕ ಹಾಕಿದಾಗ ಎಷ್ಟು ಜಗ್ಗಬೇಕು ಅಂತ ಕೊಟ್ಟಿರುತ್ತಾರೆ, ಅದನ್ನೇ ಪಾಲಿಸಿ.

ಇನ್ನೊಂದು ದಾರಿ ಡ್ರೈವ್‌ಶಾಫ್ಟನ್ನೇ ಕೆಳಗಿಳಿಸುವ ಚೈನ್‌ಕೇಸ್ ಕಿಟ್. ದೊಡ್ಡ ಡ್ರೈವರ್ ಹಾಗೇ ಉಳಿಯುತ್ತದೆ, ಸಂದು ಸಿಗುತ್ತದೆ. ಟ್ರ್ಯಾಕ್ ಹಿಮವನ್ನು ಎದುರಿಸುವ ಕೋನವೂ ತಗ್ಗಿ ಗಾಡಿ ಹಿಮದ ಮೇಲೆ ಬೇಗ ಏರುತ್ತದೆ. ಮೂರರಲ್ಲಿ ಇದೇ ಒಳ್ಳೆಯ ಕೆಲಸ. ಆದರೆ ದುಬಾರಿ, ಹಳೆಯ ಗಾಡಿಗೆ ಅಷ್ಟು ಸುರಿಯಿರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮೂರನೆಯದು 2.25 ಇಂಚಿನ ಲಗ್. ಅದನ್ನು ಹಾಕಿದರೆ ಡ್ರೈವರ್ ಮುಟ್ಟದೆಯೇ ಅರ್ಧ ಇಂಚು ಸಂದು ಉಳಿಯುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ, ಬೇರೆ ಎರಡು ಅಳತೆಗಳೂ ಸರಿ ಬಂದರೆ. ಎರಡೂವರೆ ಇಂಚಿನ ಲಗ್ ಪುಡಿ ಹಿಮದಲ್ಲಿ ಅದ್ಭುತ, ನಿಜ. ಆದರೆ ಪಾರ್ಕಿಂಗ್‌ನಿಂದ ಬೆಟ್ಟದ ತಲೆಯವರೆಗೆ ಗಟ್ಟಿ ಟ್ರೇಲ್‌ನಲ್ಲಿ ಹೋಗಬೇಕಲ್ಲ, ಅಲ್ಲಿ ಉದ್ದ ಲಗ್ ಮಡಚಿಕೊಳ್ಳುತ್ತದೆ, ಕಾಯುತ್ತದೆ. ಗಟ್ಟಿ ಟ್ರೇಲ್‌ನಲ್ಲಿ ಹಿಮ ಎರಚುವುದೂ ಕಡಿಮೆ, ಕೂಲರ್ ಬಿಸಿಯಾಗುತ್ತದೆ. ಹಿಮ ಕೆರೆದು ಎಬ್ಬಿಸುವ ಸ್ಕ್ರ್ಯಾಚರ್ ನಿಮ್ಮ ಗಾಡಿಯಲ್ಲಿ ಇಲ್ಲದಿದ್ದರೆ ಯಾವ ಟ್ರ್ಯಾಕ್ ಹಾಕಿದರೂ ಮೊದಲು ಅದನ್ನು ಹಾಕಿಸಿ.

ಟ್ರ್ಯಾಕ್‌ಗೆ ಲೋಹದ ಸ್ಟಡ್ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದು ಹೆಪ್ಪುಗಟ್ಟಿದ ಕೆರೆ, ಐಸ್ ಟ್ರೇಲ್‌ಗಳಿಗೆ. ಅಲ್ಲೂ ಟನಲ್ ಪ್ರೊಟೆಕ್ಟರ್ ಇಲ್ಲದೆ ಹಾಕಿದರೆ ಕೂಲರ್ ಸೀಳುವುದು ಖಚಿತ.

ಈಗ ನಿಮ್ಮ ಮೂಲ ದೂರು: ಗೆಳೆಯರ ಗಾಡಿ ಏರುತ್ತದೆ, ನಿಮ್ಮದು ಹೂತುಕೊಳ್ಳುತ್ತದೆ. ಇದಕ್ಕೆ ಲಗ್ಗೇ ಕಾರಣ ಅಂತ ನನಗೆ ಅನಿಸುತ್ತಿಲ್ಲ. ಟ್ರ್ಯಾಕ್ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಹೊಸ ಹಿಮದಲ್ಲಿ, ಸಮತಟ್ಟಾದ ಸುರಕ್ಷಿತ ಜಾಗದಲ್ಲಿ, ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಮ್ ಮತ್ತು ಟ್ರ್ಯಾಕ್ ವೇಗ ಎರಡನ್ನೂ ನೋಡಿ. ಅದೇ ದಿನ ಗಟ್ಟಿ ಹಿಮದಲ್ಲೂ ನೋಡಿ. ಆರ್‌ಪಿಎಮ್ ಎರಡೂ ಕಡೆ ಕಡಿಮೆ ಇದ್ದರೆ ಎಂಜಿನ್ ಅಥವಾ ಕ್ಲಚ್ ಸೆಟಪ್ ನೋಡಬೇಕು. ಕೆಳಗಿನ ಊರಿಗೆ ಹೊಂದಿಸಿದ ಕ್ಲಚ್ ತೂಕಗಳನ್ನೇ ಬೆಟ್ಟದಲ್ಲಿ ಓಡಿಸುವವರು ಬಹಳ ಜನ. ಗಟ್ಟಿ ಹಿಮದಲ್ಲಿ ಸರಿಯಿದ್ದು, ಹೊಸ ಹಿಮದಲ್ಲಿ ಮಾತ್ರ ಆರ್‌ಪಿಎಮ್, ಟ್ರ್ಯಾಕ್ ವೇಗ ಎರಡೂ ಬಿದ್ದು, ಕ್ಲಚ್ ಬೆಲ್ಟ್ ಮುಟ್ಟಲಾಗದಷ್ಟು ಬಿಸಿಯಾದರೆ, ಎಂಜಿನ್ ಆಫ್ ಮಾಡಿ, ಗಾಡಿಯನ್ನು ಅಲ್ಲೇ ಪಕ್ಕಕ್ಕೆ ವಾಲಿಸಿ, ಟನಲ್ ಒಳಗೆ ನೋಡಿ. ಕೂಲರ್ ಪಕ್ಕದಲ್ಲಿ, ಮೂಲೆಗಳಲ್ಲಿ ಗಟ್ಟಿ ಐಸ್ ಕಟ್ಟಿರುವುದು ಕಾಣಿಸಬಹುದು. ಬಿಸಿ ಕೂಲರ್ ಮೇಲೆ ಕರಗಿದ ಹಿಮ ಪಕ್ಕಕ್ಕೆ ಹರಿದು ಮತ್ತೆ ಹೆಪ್ಪುಗಟ್ಟುತ್ತದೆ. ಮುಕ್ಕಾಲು ಇಂಚಿನ ಸಂದು ಮಧ್ಯಾಹ್ನದ ಹೊತ್ತಿಗೆ ಅರ್ಧ ಆಗಿರುತ್ತದೆ. ಇದನ್ನು ನೋಡದೆ ಕ್ಲಚ್‌ನ ಸ್ಪ್ರಿಂಗ್, ತೂಕ ಬದಲಿಸುತ್ತಾ ಇಡೀ ಸೀಸನ್ ಕಳೆಯುವವರಿದ್ದಾರೆ.

ದಿನದ ಕೊನೆಯಲ್ಲಿ ನಿಲ್ಲಿಸುವ ಮುಂಚೆ ಗಟ್ಟಿ ಜಾಗದಲ್ಲಿ ಸ್ವಲ್ಪ ಓಡಿಸಿ ಟನಲ್ ಒಳಗಿನ ಹಿಮ ಉದುರಿಸಿ. ಟ್ರ್ಯಾಕನ್ನು ಮರದ ಹಲಗೆ ಮೇಲೆ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಥ್ರಾಟಲ್ ಒತ್ತಬೇಡಿ. ಹಿಂಭಾಗ ಎತ್ತಿ ಕುಲುಕಿ, ಟ್ರ್ಯಾಕ್ ಬಿಟ್ಟುಕೊಂಡಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಹೆಪ್ಪುಗಟ್ಟಿದ ಟ್ರ್ಯಾಕ್ ಮೇಲೆ ಥ್ರಾಟಲ್ ಕೊಟ್ಟರೆ ಬೆಲ್ಟ್ ಒಂದೇ ಜಾಗದಲ್ಲಿ ಸುಟ್ಟುಹೋಗುತ್ತದೆ.

ಮೂರು ಕಡೆಯ ಅಳತೆ, ಚೈನ್‌ಕೇಸ್‌ನ ಎರಡೂ ಗೇರ್‌ಗಳ ಹಲ್ಲು, ಪೂರ್ತಿ ಥ್ರಾಟಲ್‌ನಲ್ಲಿ ನೋಡಿದ ಆರ್‌ಪಿಎಮ್ ಮತ್ತು ಟ್ರ್ಯಾಕ್ ವೇಗ, ಇಷ್ಟು ಬರೆದು ಕಳಿಸಿ. ಟನಲ್ ಒಳಗಿನ ಗೀರುಗಳ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು. 2.25 ಇಂಚಿನ ಟ್ರ್ಯಾಕ್ ಸಾಕೋ, 7 ಹಲ್ಲಿನ ಡ್ರೈವರ್ ಬೇಕೋ ಅಂತ ಆಗ ಸರಿಯಾಗಿ ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಗಡಿಯವರಿಗೆ ಅಡ್ವಾನ್ಸ್ ಕೊಡಬೇಡಿ.